ಐದೇ ನಿಮಿಷ ಭಾವ

ಮನೆಯಲ್ಲಿ ಸರ್ವರ್ ಇಟ್ಟುಕೊಂಡವರಲ್ಲಿ ಎರಡು ಜಾತಿ. ಅದರಲ್ಲಿ ಫೋಟೊ ತುಂಬಿಡುವವರು ಒಂದು. ಅದಕ್ಕೆ ಯಾವ ಆಪರೇಟಿಂಗ್ ಸಿಸ್ಟಂ ಹಾಕೋಣವೆಂದು ಯೋಚಿಸುತ್ತಲೇ ತಲೆ ನರೆಸಿಕೊಳ್ಳುವವರು ಇನ್ನೊಂದು. ಶಿಡ್ಲಘಟ್ಟದ ನನ್ನ ಭಾಮೈದ ಎರಡನೆಯ ವಂಶದ ಕುಲದೀಪಕ.

ಯಾರೋ ಮಾರಿದ ಹಳೆಯ ಕಂಪ್ಯೂಟರೊಂದು ಅವನ ದೇವರಮನೆಯ ಪಕ್ಕ ಕೂತಿದೆ. ಮೊದಲು ಅದರಲ್ಲಿ ಸೆಂಟ್‌ಓಎಸ್ 8 ಇತ್ತು. 2029ರವರೆಗೆ ಬಾಳುತ್ತದೆಂದು ನಂಬಿದ್ದದ್ದು 2021ರ ಕೊನೆಗೇ ಮುಗಿದಾಗ ಹುಡುಗನ ಮುಖದಲ್ಲಿ ಸೂತಕದ ಕಳೆ. ಆಮೇಲೆ ಉಬುಂಟು ಎಲ್‌ಟಿಎಸ್. "ಐದು ವರ್ಷ ನಿಶ್ಚಿಂತೆ ಭಾವ" ಅಂದ. ನಿಶ್ಚಿಂತೆ ಅವನ ಮೈಗೆ ಒಗ್ಗಲಿಲ್ಲ. ಟ್ರೂನ್ಯಾಸ್ ಬಂತು, ಅದು ಕೇಳುವ 8 ಜಿಬಿ ರ್‍ಯಾಮ್ ಪೆಟ್ಟಿಗೆಯಲ್ಲಿರಲಿಲ್ಲ. ಪ್ರಾಕ್ಸ್‌ಮಾಕ್ಸ್ ಹಾಕಿದ, ಅದರ ತಳದಲ್ಲಿರುವುದು ಡೆಬಿಯನ್ನೇ ಅಂದಮೇಲೆ ನೇರ ಡೆಬಿಯನ್ನೇ ಯಾಕಾಗಬಾರದು ಅಂತ ಅದನ್ನೂ ಕಿತ್ತ.

ಕೀಳುವುದಕ್ಕೆ ಅವನು ಆರಿಸುವ ಮುಹೂರ್ತವೇ ಮುಹೂರ್ತ. ಯುಗಾದಿಗೆ ಗೌರಿಬಿದನೂರಿನ ನೆಂಟರು ಬಂದಿದ್ದರು. ಮೊಮ್ಮಗನ ನಾಮಕರಣದ ವಿಡಿಯೊ ತೋರಿಸಲು ಅತ್ತೆ ಟಿವಿ ಮುಂದೆ ಚಾಪೆ ಹಾಸಿದರು. ಟಿವಿಯಲ್ಲಿ ಮಗು ಬರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡತೊಡಗಿದವು. "ಐದೇ ನಿಮಿಷ ಭಾವ." ಒಬ್ಬಟ್ಟು ಮುಗಿಯಿತು. ಕಾಫಿ ಎರಡು ಸುತ್ತಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಬಸ್ಸಿನ ಹೊತ್ತಾಯಿತೆಂದು ಎದ್ದ ದೊಡ್ಡಮ್ಮ, "ಅಕ್ಷರ ಚೆನ್ನಾಗಿ ಓಡಿದವಪ್ಪ" ಎಂದು ಹರಸಿ ಹೋದರು.

ಮಾವನವರು ಹಳೆಯ ರೇಷ್ಮೆ ಬೆಳೆಗಾರರು. "ಹುಳಾನೂ ನಾಲ್ಕು ಜ್ವರ ಎದ್ದಮೇಲೆ ಹಣ್ಣಾಗಿ ಗೂಡು ಕಟ್ಟುತ್ತೆ. ನಿಂದು ಎಷ್ಟನೇ ಜ್ವರಾನೋ?" ಎಂದು ಕೇಳಿದರು. ಅವನು ನಕ್ಕು ಕೀಬೋರ್ಡು ಕುಟ್ಟಿದ.

ನಾನು ಬೈಯುವ ಹಕ್ಕಿನವನೇನಲ್ಲ. ನನ್ನ ಫೋನು "ಜಾಗವಿಲ್ಲ" ಎಂದು ಗೋಳಿಟ್ಟಾಗಲೆಲ್ಲ ನಾನು ಅಳಿಸುವುದು ಮನೆಯ ಫೋಟೊಗಳನ್ನೇ. ಶುಭೋದಯದ ಗುಲಾಬಿಗಳು ಹೇಗೋ ಉಳಿದುಬಿಡುತ್ತವೆ. ಅವನ ಕಡೆ ಇಷ್ಟು ಸಿಸ್ಟಂ ಬಂದುಹೋದರೂ ಒಂದು ಚಿತ್ರವೂ ಕಳೆದಿಲ್ಲ. ಸಿಸ್ಟಂಗೆ ಒಂದು ಡಿಸ್ಕು, ಫೋಟೊಗಳಿಗೆ ಬೇರೆಯೇ ಡಿಸ್ಕು; ಅದರ ನಕಲು ಚಿಂತಾಮಣಿಯ ಅಕ್ಕನ ಬೀರುವಿನಲ್ಲಿ. ಹಳೆಯ ಸ್ಟುಡಿಯೊ ಚಿತ್ರವೊಂದರಲ್ಲಿ ಮಾವನ ತಾಯಿ ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹಿಡಿದು ನಿಂತಿದ್ದಾರೆ. ಅದನ್ನು ಅವನು ಸ್ಕ್ಯಾನ್ ಮಾಡಿಟ್ಟಮೇಲೆ ಮೂಲವನ್ನು ಗೆದ್ದಲು ತಿಂದಿತು. ಪ್ರತಿ ಆಯುಧಪೂಜೆಗೆ ಆ ಡಿಸ್ಕಿಗೆ ಕುಂಕುಮ ಇಡುವವನೂ ಅವನೇ. ಹುಚ್ಚಿಗೂ ಒಂದು ಗಟ್ಟಿ ಬೇಲಿ ಹಾಕಿಕೊಳ್ಳಬಲ್ಲವನನ್ನು ಹುಚ್ಚನೆನ್ನಲು ನಾಲಿಗೆ ಏಳುವುದಿಲ್ಲ.

ಮೊನ್ನೆ ಫೋನು ಬಂತು. "ಭಾವ, ಫ್ರೀಬಿಎಸ್‌ಡಿ ನೋಡೋಣ ಅಂತ."

"ಗೌರಿ ಹಬ್ಬಕ್ಕೆ ನೆಂಟರು ಬರ್ತಾರಲ್ಲೋ!"

"ಅದಕ್ಕೇ, ಅಮ್ಮಂಗೆ ನೀವೇ ಒಂದು ಮಾತು ಹೇಳಿಬಿಡಿ."