ಕೀಬೋರ್ಡಿನ ಮಹಿಮೆ

ಬೀದರ್, ಭಾಲ್ಕಿ, ಔರಾದ್ ಕಡೆ ಕರೆಂಟ್ ಕಂಬಕ್ಕೆ ಅಂಟಿಸುವ ಕ್ರೈಸ್ತ ಸ್ವಸ್ಥತಾ ಕೂಟದ ಪೋಸ್ಟರುಗಳನ್ನು ನಾನು ಬಲು ಶ್ರದ್ಧೆಯಿಂದ ಓದುತ್ತೇನೆ. ಶುಗರ್, ಕ್ಯಾನ್ಸರ್, ಲಕ್ವಾ, ಮೂರ್ಛೆ, ಕುರುಡು, ಕಿವುಡು, ಬಂಜೆತನ: ಒಂದೇ ರಾತ್ರಿಯಲ್ಲಿ ಬಿಡುಗಡೆ. ಮಂತ್ರ, ತಾಯತಗಳಿಂದ ರೋಗ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡಬಾರದು ಅಂತ 1954ರಲ್ಲೇ ಕಾನೂನು ಬಂದಿದೆ. ಯಾವ್ಯಾವ ರೋಗದ ಹೆಸರಲ್ಲಿ ಕೊಡಬಾರದು ಎಂಬ ಪಟ್ಟಿಯೂ ಅದರಲ್ಲಿದೆ. ಪೋಸ್ಟರಿನವರು ಆ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು ನಕಲು ಇಳಿಸಿದ್ದಾರೇನೋ!

ಹಾಗಂತ ನಮ್ಮೂರು ಬೀದರಿಗೆ ಪವಾಡದ ಬರವೇನಿಲ್ಲ. ಝರಣಿ ನರಸಿಂಹನ ದರ್ಶನಕ್ಕೆ ಜನ ಎದೆಮಟ್ಟದ ನೀರಲ್ಲಿ ಗುಹೆಯೊಳಗೆ ನಡೆಯುತ್ತಾರೆ. ಗುರುನಾನಕರು ಬಂಡೆಯಿಂದ ಸಿಹಿನೀರು ಬರಿಸಿದರೆಂಬ ಝೀರಾ ಇದೆ. ಆ ಪವಾಡವನ್ನು ಇವತ್ತಿಗೂ ಬೊಗಸೆಯಲ್ಲಿ ಹಿಡಿದು ಕುಡಿಯಬಹುದು. ಇಂಥ ಊರಿಗೆ ಬಂದ ಮೆಥೋಡಿಸ್ಟ್ ಮಿಷನರಿಗಳು ಪೈಪೋಟಿಗೆ ಇಳಿಯದೆ ಶಾಲೆ, ದವಾಖಾನೆ ಕಟ್ಟಿದರು. ಅವರ ಮೂಲಪುರುಷ ಜಾನ್ ವೆಸ್ಲಿಯ ಸಭೆಗಳಲ್ಲೂ 1739ರಲ್ಲಿ ಜನ ಕಿರುಚಿ ನೆಲಕ್ಕುರುಳಿದ್ದುಂಟು, ಅದನ್ನಾತ ದಿನಚರಿಯಲ್ಲಿ ಬರೆದಿಟ್ಟ. ಆದರೆ ಅಷ್ಟಕ್ಕೇ ಸುಮ್ಮನಾಗದೆ 1747ರಲ್ಲಿ ಬಡವರಿಗಾಗಿ ಮನೆಮದ್ದಿನ ಪುಸ್ತಕವನ್ನೂ ಅಚ್ಚು ಹಾಕಿಸಿದ. ಆತನ ಮೊಮ್ಮಕ್ಕಳಂಥ ನಾವು ಉರುಳುವುದನ್ನಷ್ಟೇ ಉಳಿಸಿಕೊಂಡು ಔಷಧಿ ಚೀಟಿ ಕಳೆದುಕೊಂಡಿದ್ದೇವೆ.

ಫ್ರಾನ್ಸಿನ ಲೂರ್ದ್‌ನಲ್ಲಿ 1858ರಿಂದ ಈವರೆಗೆ ಕೆಥೋಲಿಕ್ ಸಭೆ ಒಪ್ಪಿದ ಪವಾಡಗಳು ಎಪ್ಪತ್ತರ ಆಸುಪಾಸು. ನಮ್ಮ ಕಡೆಗೆ ಬರುವ ಪ್ರವಾದಿಗಳು ರಾತ್ರಿ ಊಟಕ್ಕೆ ಮುಂಚೆಯೇ ಅಷ್ಟನ್ನು ಮುಗಿಸುತ್ತಾರೆ. ದರ್ಶನ, ಅಳುವ ಪ್ರತಿಮೆ ಮುಂತಾದವನ್ನು 'ಇದು ದೈವಿಕವೇ' ಎಂದು ಘೋಷಿಸುವ ಉಸಾಬರಿಯನ್ನು ವ್ಯಾಟಿಕನ್ 2024ರ ಮೇ ತಿಂಗಳಲ್ಲಿ ಬಹುಮಟ್ಟಿಗೆ ಕೈಬಿಟ್ಟಿತು. ಇನ್ನುಮುಂದೆ ಹೆಚ್ಚೆಂದರೆ 'ಅಡ್ಡಿಯಿಲ್ಲ'. ಪಾಪ, ನಮ್ಮ ಕೂಟಗಳಲ್ಲಿ ಬಾರಿಸುವ ಕೀಬೋರ್ಡ್ ಅವರ ಹತ್ತಿರ ಇಲ್ಲ.

ಕೂಟಗಳಲ್ಲಿ ಯಾರಿಗೂ ಅರ್ಥವಾಗದ ನುಡಿಯಲ್ಲಿ ಕೂಗಿಸುವ ಅನ್ಯಭಾಷೆಯ ವರವಂತೂ ಬೀದರಿಗೆ ಬೇಕಾಗಿಯೇ ಇರಲಿಲ್ಲ. ಇಲ್ಲಿನ ತರಕಾರಿಯವನು ಯಾವ ಅಭಿಷೇಕವೂ ಇಲ್ಲದೆ ಕನ್ನಡ, ಉರ್ದು, ಮರಾಠಿ, ತೆಲುಗಿನಲ್ಲಿ ಚೌಕಾಸಿ ಮಾಡುತ್ತಾನೆ. ಅನುವಾದಿಸುವವರಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಿ ಅಂತ ಪೌಲ ಕೊರಿಂಥದವರಿಗೆ ಬರೆದಿದ್ದ. ಆ ಕಾಗದ ಔರಾದಿಗೆ ಇನ್ನೂ ತಲುಪಿಲ್ಲ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ತಿಮೊಥೆಯನಿಗೆ ಹೇಳಿದವನೂ ಅದೇ ಪೌಲ. ಈಗಿನ ಕಾಲದಲ್ಲಿ ಅವನನ್ನು ವಿಶ್ವಾಸ ಸಾಲದೆಂದು ವೇದಿಕೆಯಿಂದ ಇಳಿಸುತ್ತಿದ್ದರು.

ಕೂಟಕ್ಕೆ ಬರುವವರನ್ನು ನೋಡಿ ನಗುವುದು ಸಲೀಸು. ಅವರು ದವಾಖಾನೆಗೆ ಹೋಗದವರಲ್ಲ. ಹೋಗಿ, ಹೊಲ ಒತ್ತೆಯಿಟ್ಟು, ಹೈದರಾಬಾದಿನ ಬಿಲ್ಲು ನೋಡಿ ಬಂದವರು. ನನ್ನ ಜಗಳ ಮೈಕ್ ಹಿಡಿದವನ ಜೊತೆ.

ಬೆತ್ಸಾಯಿದದ ಕುರುಡನ ಕಥೆ ಅವನಿಗೂ ಗೊತ್ತು. ಯೇಸು ಆ ಮನುಷ್ಯನ ಕೈಹಿಡಿದು ಊರ ಹೊರಗೆ, ಗದ್ದಲದಿಂದ ದೂರ ಕರೆದೊಯ್ದ. ಮುಟ್ಟಿದ ಮೇಲೆ, ಏನಾದರೂ ಕಾಣುತ್ತಿದೆಯೇ ಎಂದು ಕೇಳಿದ. ಜನ ನಡೆದಾಡುವ ಮರಗಳ ಹಾಗೆ ಕಾಣುತ್ತಾರೆ ಅಂದ ಆತ. ಯೇಸು ಸಿಟ್ಟಾಗಲಿಲ್ಲ, ನಿನ್ನ ವಿಶ್ವಾಸ ಕಡಿಮೆ ಅನ್ನಲಿಲ್ಲ, ಇನ್ನೊಮ್ಮೆ ಕೈಯಿಟ್ಟ.

ನಮ್ಮ ವೇದಿಕೆ ಹತ್ತಿದ ಮುದುಕಿ "ಮಬ್ಬ ಮಬ್ಬ ಕಾಣ್ಲತ್ತದ್ರಿ ಯಪ್ಪಾ" ಅಂದರೆ ಅಷ್ಟರಲ್ಲಿ ಮೈಕು ಅವಳ ಬಾಯಿಂದ ದೂರ ಸರಿದಿರುತ್ತದೆ. "ಅವ್ವಗ ಕಣ್ಣು ಬಂತು, ಹಲ್ಲೆಲೂಯಾ!" ಕೀಬೋರ್ಡ್ ಭೋರ್ಗರೆಯುತ್ತದೆ, ಮೊಬೈಲುಗಳು ಮೇಲೇಳುತ್ತವೆ, ಕಾಣಿಕೆ ಡಬ್ಬಿ ಸಾಲುಗಳ ನಡುವೆ ಹೊರಡುತ್ತದೆ.

ಅವಳಿಗಿರುವುದು ಮೋತಿಬಿಂದು. ಸರ್ಕಾರಿ ದವಾಖಾನೆಯಲ್ಲಿ ಆ ಆಪರೇಷನ್ ಪುಕ್ಕಟೆ. ಅಲ್ಲಿ ಸಂಗೀತವಿಲ್ಲ, ಸಾಲು ಉದ್ದ, ನರ್ಸಮ್ಮ ಗದರುತ್ತಾಳೆ. ಆದರೆ ಮರುದಿನ ಪಟ್ಟಿ ಬಿಚ್ಚಿ, ಕಣ್ಣೆದುರು ಬೆರಳು ಹಿಡಿದು, "ಏನ್ ಕಾಣ್ಲತ್ತದ ಅವ್ವಾ?" ಅಂತ ಕೇಳಿ, ಅವಳ ಉತ್ತರಕ್ಕೆ ಕಾಯುತ್ತಾರೆ.