ಕುತೂಹಲವನ್ನು ಕೆರಳಿಸಬೇಡಿ

ಸುದ್ದಿಮನೆಯ ಸ್ನೇಹಿತರೇ,

ಇಬ್ಬರು ನಾಯಕರು ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಿದರೆ ಸಾಕು, ಮರುದಿನ ನಿಮ್ಮ ಶೀರ್ಷಿಕೆ ‘ಕುತೂಹಲ ಕೆರಳಿಸಿದ ಭೇಟಿ’. ಮತ ಎಣಿಕೆಯ ಹಿಂದಿನ ದಿನ ಅದೇ ‘ತೀವ್ರ ಕುತೂಹಲ’ ಆಗುತ್ತದೆ. ಕೆರಳುವುದು ಹುಣ್ಣು. ಕೆರಳುವುದು ಬಾಲ ತುಳಿಸಿಕೊಂಡ ಹಾವು. ಕುತೂಹಲ ಹುಟ್ಟುತ್ತದೆ, ಮೂಡುತ್ತದೆ, ಉತ್ತರ ಸಿಕ್ಕಿದಾಗ ತಣಿಯುತ್ತದೆ. ಯಾರು ಯಾರ ಮನೆಗೆ ಹೋದರು ಎಂಬುದಕ್ಕೆ ಗುಸುಗುಸು, ಊಹಾಪೋಹ ಎಂಬ ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆ.

ಜಿಜ್ಞಾಸೆಗೂ ಇದೇ ಗತಿ ಬಂತು. ತಿಳಿಯಬೇಕೆಂಬ ಬಯಕೆ ಎಂಬುದು ಅದರ ಅರ್ಥ. ಬ್ರಹ್ಮಸೂತ್ರದ ಮೊದಲ ಸೂತ್ರದಲ್ಲೇ ಆ ಪದ ಇದೆ. ಈಗ ‘ಜಿಜ್ಞಾಸೆಗೆ ಬಿದ್ದಿದ್ದಾರೆ’ ಎಂದರೆ ಗೊಂದಲದಲ್ಲಿದ್ದಾರೆ ಎಂದು ಓದಿಕೊಳ್ಳುತ್ತೇವೆ.

ನಿಜವಾದ ಕುತೂಹಲ ಇರುವವರಿಗೆ ನಾವು ಇಟ್ಟ ಹೆಸರು ಬೇರೆ. ಕಳೆದ ಮಳೆಗಾಲದಲ್ಲಿ ತಂಗಿಯ ಮಗಳು ಅಂಗಳದಂಚಿನ ಮುಟ್ಟಿದರೆ ಮುನಿಯ ಎದುರು ಕುಕ್ಕರಗಾಲಲ್ಲಿ ಕೂತಿದ್ದಳು. ಬೆರಳ ತುದಿ ತಾಕಿಸಿದಳು. ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಂಡವು, ಆಮೇಲೆ ತೊಟ್ಟೂ ಜೋತುಬಿತ್ತು. ‘ಇದಕ್ಕೆ ನೋವಾಯ್ತಾ ಮಾಮ?’ ಎಲೆಬುಡದ ಉಬ್ಬಿನೊಳಗಿನ ಜೀವಕೋಶಗಳಿಂದ ನೀರು ಹೊರಗೆ ಸರಿದು ಬಿಗಿ ತಪ್ಪುತ್ತದೆ ಎಂದೆ. ‘ಹಾಗಾದ್ರೆ ಆ ನೀರು ವಾಪಸ್ ಬರೋದನ್ನ ನೋಡ್ಬೇಕು’ ಎಂದವಳು ತುಂತುರು ಮಳೆಯಲ್ಲೂ ಕದಲಲಿಲ್ಲ. ಎಲೆ ಇನ್ನೂ ಅರೆಬಿರಿದಿತ್ತು. ಒಳಗಿಂದ ಹಿರಿಯರ ದನಿ ಬಂತು: ‘ಸಾಕು ಅಧಿಕಪ್ರಸಂಗ, ಒಳಗೆ ಬಾ.’

ಅಧಿಕಪ್ರಸಂಗಿ, ತಲೆಹರಟೆ. ಪ್ರಶ್ನೆ ಕೇಳುವ ಮಗುವಿಗೆ ಈ ಎರಡು ಪದ, ಅಧಿಕಾರದ ಲೆಕ್ಕಾಚಾರಕ್ಕೆ ‘ಕುತೂಹಲ’ದ ಪಟ್ಟ. ಇದು ನನಗೆ ಸಹಿಸಲಾಗದ ಅನ್ಯಾಯ.

ಕಾರಂತರು ‘ಬಾಲಪ್ರಪಂಚ’ ಬರೆದದ್ದು ಇಂಥ ಮಕ್ಕಳಿಗಾಗಿ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ದೊಡ್ಡವರೇ ಒಂದು ಹಾರುವ ಓತಿಯ ಬೆನ್ನುಹತ್ತಿ ಕಾಡು ಅಲೆಯುತ್ತಾರೆ. 2012ರ ಆಗಸ್ಟ್‌ನಲ್ಲಿ ಮಂಗಳ ಗ್ರಹದಲ್ಲಿ ಇಳಿದ ನಾಸಾದ ಗಾಡಿಗೆ ‘ಕ್ಯೂರಿಯಾಸಿಟಿ’ ಎಂಬ ಹೆಸರು ಸೂಚಿಸಿದ್ದು ಅಮೆರಿಕದ ಆರನೇ ತರಗತಿಯ ಹುಡುಗಿ. ಅಂದು ನೀವೂ ಆ ಹೆಸರನ್ನು ಇಂಗ್ಲಿಷಿನಲ್ಲೇ ಉಳಿಸಿಕೊಂಡು ಅಚ್ಚುಹಾಕಿದಿರಿ. ಅದರ ಅರ್ಥ ಕುತೂಹಲ ಎಂದು ಪಕ್ಕದಲ್ಲೇ ದೊಡ್ಡಕ್ಷರದಲ್ಲಿ ಹೇಳಬಹುದಿತ್ತು.

ಇಷ್ಟೇ ನನ್ನ ಕೋರಿಕೆ. ಮುಂದಿನ ಬಾರಿ ನಾಯಕರು ಗುಟ್ಟಾಗಿ ಭೇಟಿಯಾದಾಗ ‘ಊಹಾಪೋಹ’ ಎಂದೇ ಬರೆಯಿರಿ. ಕುತೂಹಲವನ್ನು ಅಂಗಳದಲ್ಲಿ ಕೂತ ಆ ಹುಡುಗಿಗೆ ಬಿಟ್ಟುಕೊಡಿ.

ಇತಿ,
ನಿಮ್ಮ ದಿನನಿತ್ಯದ ಓದುಗ