ನಾಲ್ಕು ಜನರ ಹೊಸ ವಿಳಾಸ

ಚಿಕ್ಕಂದಿನಲ್ಲಿ ನಮ್ಮಮ್ಮ ನನ್ನನ್ನು ಹೆದರಿಸುತ್ತಿದ್ದದ್ದು ಗುಮ್ಮನ ಹೆಸರು ಹೇಳಿ ಅಲ್ಲ, 'ನಾಲ್ಕು ಜನ'ರ ಹೆಸರು ಹೇಳಿ. ನಾಲ್ಕು ಜನ ನೋಡಿದರೆ ಏನಂದಾರು, ನಾಲ್ಕು ಜನರ ಮುಂದೆ ಮಾನ ಹೋದೀತು. ಆ ನಾಲ್ವರು ಯಾರು, ಅವರಿಗೆ ಬೇರೆ ಕೆಲಸ ಇಲ್ಲವೇ ಎಂದು ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ. ಈಗ ನೌಕರಿ ಬಿಟ್ಟು, ಮನೆಯಲ್ಲೇ ಕೂತು ಕನ್ನಡ ಪದಬಂಧದ ಆ್ಯಪ್ ಕಟ್ಟಲು ಹೊರಟ ಮೇಲೆ ಅವರೇ ಸಿಕ್ಕಿದ್ದಾರೆ. ಒಬ್ಬಳು ಮನಿಲಾದಲ್ಲಿ, ಒಬ್ಬ ಲಿಸ್ಬನ್‌ನಲ್ಲಿ, ಒಬ್ಬ ಪುಣೆಯಲ್ಲಿ. ನಾಲ್ಕನೆಯವನು ಎಲ್ಲಿದ್ದಾನೋ, ಅವನ ಚಿತ್ರದ ಜಾಗದಲ್ಲಿ ಬೆಕ್ಕೊಂದಿದೆ.

ಒಂಟಿಯಾಗಿ ಏನನ್ನಾದರೂ ಕಟ್ಟುವವರಿಗೆ ಬಾಸ್ ಇಲ್ಲದ ಸುಖ ಮೊದಲ ವಾರಕ್ಕೆ ಮುಗಿಯುತ್ತದೆ. ಆಮೇಲೆ ಬಾಸೂ ನಾವೇ, ರಜೆ ಕೇಳುವವರೂ ನಾವೇ. ಅರ್ಜಿ ಒಂದೂ ತಿರಸ್ಕೃತವಾಗುವುದಿಲ್ಲ. ಅದಕ್ಕೇ ನಮ್ಮಂಥವರು ಟೆಲಿಗ್ರಾಂ ಗುಂಪು ಕಟ್ಟಿಕೊಂಡು, ರಾತ್ರಿ ಮಲಗುವ ಮುಂಚೆ 'ಇವತ್ತು ಇಷ್ಟು ಮಾಡಿದೆ' ಎಂದು ವರದಿ ಒಪ್ಪಿಸುವುದು. ನಮ್ಮ ಗುಂಪಿನಲ್ಲಿ ಬಟನ್‌ನ ಬಣ್ಣ ನೀಲಿಯಿಂದ ಇನ್ನೊಂದು ನೀಲಿಗೆ ಬದಲಾದರೂ ಅದು ವರದಿಯೇ.

ಈ ಚಾಳಿ ನಾವು ಶುರುಮಾಡಿದ್ದಲ್ಲ. 1999ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಸೀಮೆಯಲ್ಲಿ ಕ್ರಿಸ್ ಬೇಟಿ ಎಂಬಾತ 20 ಮಂದಿಯನ್ನು ಜೊತೆಗೆ ಸೇರಿಸಿಕೊಂಡು, ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವ ಪಣ ತೊಟ್ಟ. ಮೊದಲ ಸಲ ಜುಲೈನಲ್ಲಿ. ಮರುವರ್ಷದಿಂದ ನವೆಂಬರ್‌ಗೆ ಬದಲಾಯಿತು, ಆಗ ಅಲ್ಲಿನ ಹವೆ ಕೆಟ್ಟದಾಗಿರುತ್ತದೆ, ಜನ ಮನೆಯೊಳಗೇ ಇರುತ್ತಾರೆ ಎಂದು. ಅದು ಲಕ್ಷಾಂತರ ಜನರ ಹಬ್ಬವಾಗಿ ಬೆಳೆಯಿತು, ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು. ನಮ್ಮಲ್ಲಿ ನವೆಂಬರ್ ಎಂದರೆ ರಾಜ್ಯೋತ್ಸವ, ಬಸವನಗುಡಿಯ ಕಡಲೆಕಾಯಿ ಪರಿಷೆ, ಮೇಲಿಂದ ಮೇಲೆ ಮದುವೆ ಊಟ. ಬೆಂಗಳೂರಿನಲ್ಲಿ ಕೂತು ಆ ತಿಂಗಳು ಯಾರಾದರೂ ಕಾದಂಬರಿ ಮುಗಿಸಿದರೆ, ಅವರಿಗೆ ನೆಂಟರಿಷ್ಟರಿಲ್ಲ ಎಂದೇ ತಿಳಿಯಬೇಕು. ಇನ್ನು 2014ರಲ್ಲಿ ಪೀಟರ್ ಲೆವೆಲ್ಸ್ ಎಂಬ ಡಚ್ಚರ ಹುಡುಗ 12 ತಿಂಗಳಲ್ಲಿ 12 ಸ್ಟಾರ್ಟಪ್ ಮಾಡುತ್ತೇನೆಂದು ಊರಿಗೆಲ್ಲ ಸಾರಿದ. ಅವನ 'ನೊಮ್ಯಾಡ್ ಲಿಸ್ಟ್' ಜಾಲತಾಣ ಹುಟ್ಟಿದ್ದು ಆ ಹಟದಿಂದಲೇ. ನಮ್ಮ ಗುಂಪಿನಲ್ಲಿ ಅವನ ಹೆಸರನ್ನು ದಿನಕ್ಕೊಮ್ಮೆಯಾದರೂ ಯಾರಾದರೂ ತೆಗೆಯುತ್ತಾರೆ, ಸಾಮಾನ್ಯವಾಗಿ ಅವತ್ತು ಏನೂ ಮಾಡದವರು.

ಆದರೆ ಸಾರುವುದರಲ್ಲೂ ಒಂದು ಅಪಾಯವಿದೆ. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರೂ ಸಂಗಡಿಗರೂ 2009ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಇದು: 'ದೊಡ್ಡ ವಕೀಲನಾಗಲು ಹೀಗೆ ಓದುತ್ತೇನೆ' ಎಂಬ ಸಂಕಲ್ಪವನ್ನು ಇನ್ನೊಬ್ಬರು ಗಮನಿಸಿದರೆ, ವಿದ್ಯಾರ್ಥಿ ಓದುವುದು ಕಡಿಮೆಯಾಗುತ್ತದೆ. ಹೇಳಿದ ಕೂಡಲೇ ಅರ್ಧ ವಕೀಲನಾದಂತೆ ಮನಸ್ಸಿಗೆ ಅನ್ನಿಸಿಬಿಡುತ್ತದಂತೆ. ನಮ್ಮ ಗುಂಪಿನ ಬೆಕ್ಕಿನವನನ್ನು ನೋಡಿದರೆ ಇದಕ್ಕೆ ಅಧ್ಯಯನವೇ ಬೇಕಿರಲಿಲ್ಲ. ಅವನು ತಿಂಗಳಿಗೊಂದು ಹೊಸ ಯೋಜನೆ ಘೋಷಿಸುತ್ತಾನೆ. ಎಲ್ಲರೂ ರಾಕೆಟ್ಟು, ಪಟಾಕಿ, ಚಪ್ಪಾಳೆ ಕಳಿಸುತ್ತಾರೆ. ಅಲ್ಲಿಗೆ ಆ ಯೋಜನೆಗೆ ಮಂಗಳಾರತಿ.

ನನ್ನ ಕೆಲಸ ಮುಂದೆ ಸಾಗಿದ್ದು ಮನಿಲಾದವಳಿಂದ. ಹೊಲಿಗೆಯ ನಮೂನೆಗಳನ್ನು ಮಾರುವ ಆಕೆಗೆ ಕನ್ನಡದ ಒಂದಕ್ಷರ ಬಾರದು. ನನ್ನ ತೊಡಕು 'ಸ್ತ್ರೀ'ಯದು. ಪದಬಂಧ ತುಂಬುವ ಯಾರಿಗೂ ಅದು ಒಂದೇ ಅಕ್ಷರ, ಒಂದೇ ಮನೆ. ಯೂನಿಕೋಡ್ ಲೆಕ್ಕದಲ್ಲಿ ಮಾತ್ರ ಆರು ಸಂಕೇತ: ಮೂರು ವ್ಯಂಜನ, ಎರಡು ಹಲಂತ, ಒಂದು ದೀರ್ಘ. ನಾನು ಬರೆದ ಕೋಡ್ ಅದನ್ನು ಒಡೆದು ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚುತ್ತಿತ್ತು. 'ಈ ಸ್ತ್ರೀ ಒಂದು ಮನೇಲಿ ನಿಲ್ಲೋದೇ ಇಲ್ವಲ್ಲ' ಎಂದು ಒಂದು ಬೆಳಿಗ್ಗೆ ಗೊಣಗಿದೆ. ಆಫೀಸಿಗೆ ಹೊರಟಿದ್ದ ಹೆಂಡತಿ ಚಪ್ಪಲಿ ಮೆಟ್ಟುತ್ತ, 'ಯಾಕೆ ನಿಲ್ಲಬೇಕು?' ಎಂದು ಕೇಳಿ ಬಾಗಿಲು ಎಳೆದುಕೊಂಡು ಹೋದಳು.

ಮನಿಲಾದವಳು ಚಪ್ಪಾಳೆ ಕಳಿಸುವವಳಲ್ಲ. ರಾತ್ರಿಯಾದರೆ ಒಂದೇ ಪ್ರಶ್ನೆ: 'ಆ ಆರು ಒಂದಾದವೇ?' ಇಲ್ಲವೆಂದರೆ ಬೈಯುವುದಿಲ್ಲ. 'ಸರಿ, ನಾಳೆ ಕೇಳುತ್ತೇನೆ' ಎನ್ನುತ್ತಾಳೆ. ಬೈದಿದ್ದರೆ ಗುಂಪು ಬಿಟ್ಟು ನೆಮ್ಮದಿಯಾಗಿರಬಹುದಿತ್ತು. ನಾಳೆ ಕೇಳುವವರಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಕಡೆಗೊಂದು ರಾತ್ರಿ ಆರೂ ಒಂದಾದವು. ಅವಳ ಉತ್ತರ: 'ಮುಂದಿನದು ಯಾವುದು?'

ಲಿಸ್ಬನ್‌ನವನದು ಬೇರೆ ಪದ್ಧತಿ. ಇಬ್ಬರೂ ಕ್ಯಾಮೆರಾ ಹಾಕಿಕೊಂಡು, ಏನು ಮಾಡುತ್ತೇವೆಂದು ಮೊದಲು ಹೇಳಿ, 50 ನಿಮಿಷ ತುಟಿ ಬಿಚ್ಚದೆ ಅವರವರ ಕೆಲಸ ಮಾಡಬೇಕು. ಒಣಗಿದ ಬಟ್ಟೆ ಹೊತ್ತು ನನ್ನ ಹಿಂದೆ ಹಾದುಹೋಗುತ್ತಿದ್ದ ಅಮ್ಮ ನಿಂತು ನೋಡಿದರು.

'ಯಾರೋ ಅದು? ಊಟ ಆಯ್ತಾ ಕೇಳು.'

'ಮಾತಾಡೋ ಹಾಗಿಲ್ಲಮ್ಮ.'

'ಮಾತಾಡದೆ ಎದುರೆದುರು ಕೂರೋದಕ್ಕೆ ಕಂಪ್ಯೂಟರ್ ಯಾಕೋ? ನಿಮ್ಮಪ್ಪ ಇಲ್ವಾ?'

ಹೀಗೆ ಹಂಗಿಸಿದರೂ ಅಮ್ಮನಿಗೆ ರಾತ್ರಿ ವರದಿಯ ಉಪಾಯ ಹಿಡಿಸಿಬಿಟ್ಟಿತು. ಮನೆತನದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹುಕುಂ ಹೊರಡಿಸಿದರು: ಎಲ್ಲರೂ ಒಂಬತ್ತು ಗಂಟೆಯೊಳಗೆ ಅವತ್ತು ಏನು ಕೆಲಸ ಮಾಡಿದೆವೆಂದು ಹಾಕಬೇಕು. ಮೊದಲ ರಾತ್ರಿ ಚಿಕ್ಕಪ್ಪ ಹಾಕಿದರು, 'ಊಟ ಮಾಡಿದೆ.' ಹುಬ್ಬಳ್ಳಿಯಿಂದ ನ್ಯೂಜೆರ್ಸಿವರೆಗಿನ ಬಂಧುಗಳೆಲ್ಲ ಹೆಬ್ಬೆರಳು ಎತ್ತಿದರು, ಯಾರೋ ಪಟಾಕಿಯನ್ನೂ ಹಚ್ಚಿದರು. ಎಲ್ಲದರ ಕೆಳಗೆ ಚಿಕ್ಕಮ್ಮನ ಒಂದು ಸಾಲು: 'ತಟ್ಟೆ ತೊಳೆದಿದ್ದು ಯಾರು?'